ಅಳಿವೆಯ ಕೋಟೆ, ಬೈಲಿನ ಅಕ್ಕಿ

ಪೋರ್ಚುಗಲ್ಲಿನ ಆಡಳಿತದ ನಕ್ಷೆಯಲ್ಲಿ ಒಂದು ಕಾಲಕ್ಕೆ ನಮ್ಮ ಕರಾವಳಿಯೂ ಇತ್ತು. 1505ರಲ್ಲಿ ರೂಪುಗೊಂಡ ‘ಎಸ್ತಾದೊ ದ ಇಂಡಿಯಾ’ ಆಫ್ರಿಕಾದ ಮೊಜಾಂಬಿಕ್‌ನಿಂದ ಚೀನಾದ ಮಕಾವುವರೆಗೆ ಬಂದರುಗಳನ್ನು ಪೋಣಿಸಿಕೊಂಡು ಬೆಳೆಯಿತು. 1510ರಲ್ಲಿ ಗೋವೆ ಅದರ ಕೈಸೇರಿತು, 1530ರಲ್ಲಿ ಅದರ ರಾಜಧಾನಿಯೂ ಆಯಿತು. ಗೋವೆಗೂ ಮಲಬಾರಿಗೂ ನಡುವಿನ ಭಾಗವನ್ನು ಅವರು ‘ಕೆನರಾ’ ಎಂದು ಕರೆದರು. ಅಲ್ಲಿ ಅವರದೆನ್ನಬಹುದಾದ ಮುಖ್ಯ ಠಾಣೆಗಳು ಮೂರು: ಹೊನ್ನಾವರ, ಬಸರೂರು, ಮಂಗಳೂರು. ಈ ಮೂರು ಕೋಟೆಗಳ ಕಥೆಯನ್ನು ಕಡಲಿನ ಕಡೆಯಿಂದ ಹೇಳುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಹಡಗು ಬಂತು, ಫಿರಂಗಿ ಹಾರಿತು, ಊರು ಸುಟ್ಟಿತು, ಉಳ್ಳಾಲದ ರಾಣಿ ಎದುರು ನಿಂತಳು. ಅಷ್ಟಕ್ಕೆ ಕಥೆ ಮುಗಿಯುತ್ತದೆ. ಮೂಡುಬಿದಿರೆ, ಬಂಟ್ವಾಳ, ಬೆಳ್ತಂಗಡಿಯ ಹೆಸರು ಅದರಲ್ಲಿ ಬರುವುದು ಅಪರೂಪ, ಬಂದರೂ ಅರಸುಮನೆತನಗಳ ಮೂಲಸ್ಥಾನ ಎಂಬಷ್ಟಕ್ಕೆ. ಆದರೆ ಆ ಕೋಟೆಗಳನ್ನು ಕಟ್ಟಿಸಿದ ಆಸೆ ಇದ್ದದ್ದು ಒಳನಾಡಿನ ಅಕ್ಕಿ ಮತ್ತು ಕಾಳುಮೆಣಸಿನ ಮೇಲೆ. ಆ ಕೋಟೆಗಳನ್ನು ಕೊನೆಗೆ ಕಿತ್ತುಕೊಂಡದ್ದು ಘಟ್ಟದ ಮೇಲಿನಿಂದ ಇಳಿದ ಸೇನೆ. ಹಾಗಾಗಿ ಪೋರ್ಚುಗೀಸ್ ಕೆನರಾದ ಭೂಗೋಳವನ್ನೂ ಅರ್ಥವ್ಯವಸ್ಥೆಯನ್ನೂ ಬರೆಯುವವರು ಅಳಿವೆಯಲ್ಲಿ ನಿಂತು ಬರೆದರೆ ಸಾಲದು, ಈ ಮೂರು ತಾಲ್ಲೂಕುಗಳ ಬೈಲು ಗದ್ದೆಗಳಿಂದ ಶುರುಮಾಡಬೇಕು ಎಂಬುದು ನನ್ನ ವಾದ.

ನೆಲದ ರಚನೆಯೇ ಈ ವಾದಕ್ಕೆ ಮೊದಲ ಸಾಕ್ಷಿ. ಮಂಗಳೂರು ಬಂದರು ಎಂದರೆ ಎರಡು ನದಿಗಳ ಬಾಯಿ. ಒಂದು ನೇತ್ರಾವತಿ. ಕುದುರೆಮುಖದ ಸಾಲಿನಲ್ಲಿ ಹುಟ್ಟಿ, ಧರ್ಮಸ್ಥಳದ ಬದಿಯಲ್ಲಿ ಹರಿದು, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ಬಂಟ್ವಾಳ ದಾಟಿ ಕಡಲಿಗೆ ಬರುತ್ತದೆ. ಇನ್ನೊಂದು ಫಲ್ಗುಣಿ. ಬೆಳ್ತಂಗಡಿಯ ಕಾಡಿನಿಂದ ಇಳಿದು ವೇಣೂರಿನ ಗೊಮ್ಮಟನ ಪಕ್ಕದಲ್ಲಿ ಹಾಯ್ದು, ಮೂಡುಬಿದಿರೆಗೆ ಸಮೀಪದ ಪುಚ್ಚಮೊಗರು, ಆಮೇಲೆ ಮೂಲರಪಟ್ಣ, ಪೊಳಲಿ, ಗುರುಪುರ ಎಂದು ಸಾಗುತ್ತದೆ. ಮಳೆಗಾಲದ ಮೂರ್ನಾಲ್ಕು ತಿಂಗಳು ಕಡಲು ಮುಚ್ಚಿರುತ್ತದೆ, ಅಳಿವೆಯ ಮರಳದಿಬ್ಬ ವರ್ಷಕ್ಕೊಂದು ಕಡೆ ಸರಿಯುತ್ತದೆ, ದೊಡ್ಡ ಹಡಗು ಒಳಗೆ ಬರುವುದು ಕಷ್ಟ. ಇಂಥ ಬಂದರಿಗೆ ತನ್ನದೇ ಆದ ಸಂಪತ್ತು ಅಂತ ಏನೂ ಇಲ್ಲ. ನದಿಗುಂಟ ದೋಣಿಯಲ್ಲಿ ಬಂದದ್ದೇ ಅದರ ಸಂಪತ್ತು. ಬಂಟ್ವಾಳದವರೆಗೆ ದೋಣಿ ಬರುತ್ತಿದ್ದುದರಿಂದಲೇ ಅಲ್ಲಿ ಪೇಟೆ ಬೆಳೆಯಿತು. ಅಲ್ಲಿಂದ ಮೇಲಕ್ಕೆ ಹೇರೆತ್ತುಗಳ ದಾರಿ, ಚಾರ್ಮಾಡಿ ಹತ್ತಿ ಘಟ್ಟದಾಚೆಗೆ. ಕೆಳಗಿನಿಂದ ಉಪ್ಪು ಮೇಲೆ ಹೋಯಿತು, ಮೇಲಿನಿಂದ ದವಸ ಕೆಳಗೆ ಬಂತು. ಅಳಿವೆಯನ್ನು ಹಿಡಿದವನು ಬಾಗಿಲಲ್ಲಿ ಕೂತು ಸುಂಕ ಎತ್ತಬಲ್ಲ. ಆದರೆ ಬಾಗಿಲಿಗೆ ಸರಕು ಬರಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವವರು ನದಿಯ ಮೇಲ್ಗಡೆ ಇರುತ್ತಾರೆ.

ಆ ಸರಕಿನಲ್ಲಿ ಮೊದಲನೆಯದು ಅಕ್ಕಿ. ಕಾಳುಮೆಣಸಿನ ಹೊಳಪಿನಲ್ಲಿ ನಾವು ಇದನ್ನು ಮರೆಯುತ್ತೇವೆ. ತುಳುನಾಡಿನ ಗದ್ದೆಗಳು ಬೈಲು, ಮಜಲು, ಬೆಟ್ಟು ಎಂದು ಮೂರು ತರ. ಮಜಲಿನಲ್ಲಿ ಏಣೆಲು ಕಳೆದ ಮೇಲೆ ಸುಗ್ಗಿ, ನೀರು ನಿಲ್ಲುವ ಬೈಲಿನಲ್ಲಿ ಅದರ ಮೇಲೂ ಕೊಳಕೆ. ಹೀಗೆ ವರ್ಷಕ್ಕೆ ಮೂರು ಬೆಳೆ ಕೊಡುವ ನೆಲ ಪಶ್ಚಿಮ ಕರಾವಳಿಯಲ್ಲಿ ಎಲ್ಲ ಕಡೆ ಸಿಗುವುದಿಲ್ಲ. ದಕ್ಷಿಣದ ಮಲಬಾರಿಗೆ ತನ್ನ ಊಟಕ್ಕೆ ಸಾಕಾಗುವಷ್ಟು ಭತ್ತ ಬೆಳೆಯುತ್ತಿರಲಿಲ್ಲ, ಉತ್ತರದ ಗೋವೆಗೂ ಇಲ್ಲ. ಎರಡರ ನಡುವೆ ಹೆಚ್ಚುವರಿ ಅಕ್ಕಿ ಇದ್ದದ್ದು ಇಲ್ಲಿ. ಬೈಹುಲ್ಲಿನ ಹಗ್ಗದಿಂದ ಬಿಗಿದು ಸುತ್ತಿದ ಮುಡಿಯಲ್ಲಿ ಅಕ್ಕಿ ತಿಂಗಳುಗಟ್ಟಲೆ ಕೆಡದೆ ಉಳಿಯುತ್ತದೆ. ದೋಣಿಗೆ ಹೇರಲು, ಇಳಿಸಲು, ಎಣಿಸಲು ಅದಕ್ಕಿಂತ ಅನುಕೂಲದ ಕಟ್ಟು ಬೇರೆ ಇರಲಿಲ್ಲ. 16ನೇ ಶತಮಾನದ ಎರಡನೇ ದಶಕದಲ್ಲಿ ಈ ಕರಾವಳಿಯ ಬಗ್ಗೆ ಬರೆದ ಪೋರ್ಚುಗೀಸ್ ಅಧಿಕಾರಿ ದುವಾರ್ತೆ ಬಾರ್ಬೊಸ, ಮಂಗಳೂರಿನಲ್ಲಿ ಹಡಗುಗಳು ಸದಾ ಕಂದುಬಣ್ಣದ ಅಕ್ಕಿ ತುಂಬಿಕೊಂಡು ಮಲಬಾರಿಗೆ ಹೋಗುತ್ತವೆ, ಅದು ಬಿಳಿ ಅಕ್ಕಿಗಿಂತ ಉತ್ತಮ, ಆರೋಗ್ಯಕ್ಕೂ ಒಳ್ಳೆಯದು ಎಂಬ ಅರ್ಥದ ಮಾತು ಬರೆದಿಟ್ಟಿದ್ದಾನೆ. ಅದಕ್ಕೂ ಮುಂಚೆ, 1502ರಲ್ಲಿ ವಾಸ್ಕೊ ದ ಗಾಮ ಭಟ್ಕಳದ ಅರಸನ ಮೇಲೆ ಹೇರಿದ ಕಪ್ಪ ಯಾವುದು ಎಂದು ನೋಡಿ. ಚರಿತ್ರಕಾರ ಗಾಸ್ಪರ್ ಕೊರೆಯಾ ಹೇಳುವಂತೆ ವರ್ಷಕ್ಕೆ ಸಾಮಾನ್ಯ ಅಕ್ಕಿ 1000 ಹೇರು, ಕಪ್ತಾನರಿಗೆಂದು ಒಳ್ಳೆಯ ಅಕ್ಕಿ 500 ಹೇರು. ಚಿನ್ನವಲ್ಲ, ಮೆಣಸಲ್ಲ, ಅಕ್ಕಿ. ಜಗತ್ತಿನ ಅರ್ಧ ಕಡಲನ್ನು ತನ್ನದೆಂದುಕೊಂಡ ಶಕ್ತಿಗೆ ಈ ದಂಡೆಯಿಂದ ಮೊದಲು ಬೇಕಾದದ್ದು ಅನ್ನ.

ಈ ಸಂಪತ್ತನ್ನು ಪೋರ್ಚುಗೀಸರು ಬಂದು ಎಬ್ಬಿಸಿದರು ಎಂದು ಭಾವಿಸುವವರಿಗೆ ಮೂಡುಬಿದಿರೆಯೇ ಉತ್ತರ. 12ನೇ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಮಂಗಳೂರಿನಲ್ಲಿ ಹತ್ತಾರು ವರ್ಷ ನೆಲೆಸಿ ಏಡನ್ನಿನ ಜೊತೆ ವ್ಯವಹಾರ ಮಾಡಿದ. ಅವನ ಪತ್ರಗಳು ಕೈರೋದ ಹಳೆಯ ಕಾಗದಗಳ ರಾಶಿಯಲ್ಲಿ ಸಿಕ್ಕಿವೆ. 14ನೇ ಶತಮಾನದಲ್ಲಿ ಇಬ್ನ್ ಬತೂತ ಇಲ್ಲಿ ಪರ್ಷಿಯಾ ಮತ್ತು ಯೆಮನಿನ ವ್ಯಾಪಾರಿಗಳನ್ನೂ ಮೆಣಸು, ಶುಂಠಿಯ ಹೇರಳವನ್ನೂ ಕಂಡ. ಆ ವ್ಯಾಪಾರದ ಲಾಭ ಎಲ್ಲಿ ಸೇರಿತು ಎಂಬುದನ್ನು ಮೂಡುಬಿದಿರೆಯ ಸಾವಿರ ಕಂಬದ ಬಸದಿ ತೋರಿಸುತ್ತದೆ. 1430ರ ಸುಮಾರಿಗೆ ಎದ್ದುನಿಂತ ಈ ತ್ರಿಭುವನ ತಿಲಕ ಚೂಡಾಮಣಿ ಬಸದಿಗೆ ಊರಿನ ಸೆಟ್ಟಿಗಳ ಹಣ ಸೇರಿದೆ. ಅದರ ಭೈರಾದೇವಿ ಮಂಟಪದ ಅಧಿಷ್ಠಾನದಲ್ಲಿ ಜಿರಾಫೆ ಇದೆ, ಚೀನೀ ಡ್ರ್ಯಾಗನ್ ಇದೆ. ಆಫ್ರಿಕಾದ ಪ್ರಾಣಿಯನ್ನೂ ಚೀನಾದ ಕಲ್ಪನೆಯ ಪ್ರಾಣಿಯನ್ನೂ ಕೆತ್ತುವ ಮನಸ್ಸು ಕಡಲಿನಿಂದ ಒಂದು ದಿನದ ನಡಿಗೆಯಷ್ಟು ದೂರದ ಊರಿನ ಶಿಲ್ಪಿಗೆ ಬಂದದ್ದು ಗಾಮ ಕಲ್ಲಿಕೋಟೆಗೆ ಬರುವ ಮೊದಲೇ, 15ನೇ ಶತಮಾನದಲ್ಲಿ. ಮೂಡುಬಿದಿರೆಯ ಹದಿನೆಂಟು ಬಸದಿಗಳನ್ನು ಧರ್ಮದ ಕಣ್ಣಿನಿಂದ ಮಾತ್ರ ನೋಡಿದರೆ ಈ ಮಾತು ಕಾಣುವುದಿಲ್ಲ. ವ್ಯಾಪಾರದ ಕಣ್ಣಿನಿಂದ ನೋಡಿದರೆ ಅವು ಒಂದು ದೊಡ್ಡ ಪೇಟೆಯ ಉಳಿತಾಯದ ಲೆಕ್ಕಪುಸ್ತಕ. ಹಳರು, ನಖರಗಳೆಂಬ ವರ್ತಕ ಸಂಘಗಳು ಈ ನಾಡಿನ ಶಾಸನಗಳಲ್ಲಿ ಮತ್ತೆ ಮತ್ತೆ ಬರುವುದು ಸುಮ್ಮನೆ ಅಲ್ಲ.

ಹಾಗಾದರೆ ಪೋರ್ಚುಗೀಸರು ಇಲ್ಲಿ ನಡೆಸಿದ ‘ಆಡಳಿತ’ ಯಾವುದು? ಮೊದಲ ಆರು ದಶಕ ಅವರಿಗೆ ಇಲ್ಲಿ ಭದ್ರವಾದ ಕೋಟೆಯೇ ಇರಲಿಲ್ಲ. ಇದ್ದದ್ದು ಕಾರ್ತಾಸ್ ಎಂಬ ರಹದಾರಿ ಚೀಟಿ. ಅದಿಲ್ಲದೆ ಕಡಲಿಗಿಳಿದ ಹಡಗನ್ನು ಹಿಡಿಯುವುದು, ಸರಕು ಕಿತ್ತುಕೊಳ್ಳುವುದು, ತಿರುಗಿಬಿದ್ದ ಊರಿಗೆ ಬೆಂಕಿ ಇಡುವುದು. 1547ರಲ್ಲಿ ವಿಜಯನಗರದೊಡನೆ ಮಾಡಿಕೊಂಡ ಒಪ್ಪಂದ ಕುದುರೆ ವ್ಯಾಪಾರವನ್ನು ತಮ್ಮ ಕೈಯಲ್ಲಿ ಇಟ್ಟುಕೊಳ್ಳುವುದಕ್ಕೆ. 1565ರಲ್ಲಿ ರಕ್ಕಸತಂಗಡಿಯಲ್ಲಿ ವಿಜಯನಗರ ಸೋತಿತು, ಕರಾವಳಿಯ ಸಣ್ಣ ಅರಸರ ಬೆನ್ನಿಗಿದ್ದ ದೊಡ್ಡ ನೆರಳು ಹೋಯಿತು. ಮೂರೇ ವರ್ಷದಲ್ಲಿ, 1568ರಲ್ಲಿ, ವೈಸರಾಯ್ ಅಂತಾವ್ ದ ನೊರೊಞ ಮಂಗಳೂರಿನಲ್ಲಿ ಸಂತ ಸೆಬಾಸ್ಟಿಯನ್ನನ ಹೆಸರಿನ ಕೋಟೆ ಕಟ್ಟಿಸಿದ. ಮರುವರ್ಷ ಲುಯಿಸ್ ದ ಅತಾಯಿದೆ ಹೊನ್ನಾವರ, ಬಸರೂರುಗಳನ್ನು ಹಿಡಿದ. ಪ್ರತಿ ಕೋಟೆಗೊಬ್ಬ ಕಪ್ತಾನ, ಲೆಕ್ಕಕ್ಕೊಬ್ಬ ಫೆಯ್ತೋರ್, ಸುಂಕದ ಕಟ್ಟೆ, ಒಂದಷ್ಟು ಸಿಪಾಯಿಗಳು, ಮದುವೆಯಾಗಿ ನೆಲೆನಿಂತ ಪೋರ್ಚುಗೀಸ್ ಕುಟುಂಬಗಳು, ಇಗರ್ಜಿ. ಕೋಟೆಯ ಫಿರಂಗಿ ಎಷ್ಟು ದೂರ ಹಾರುತ್ತದೋ ಅಷ್ಟು ದೂರ ರಾಜ್ಯ. ಅಂತೋನಿಯೊ ಬೊಕಾರೊ 1635ರಲ್ಲಿ ಎಸ್ತಾದೊದ ಎಲ್ಲ ಕೋಟೆಗಳ ವಿವರಣೆಯನ್ನು ನಕ್ಷೆಗಳ ಸಮೇತ ಒಂದು ದೊಡ್ಡ ಪುಸ್ತಕವಾಗಿ ತಯಾರಿಸಿದ. ಅದರಲ್ಲಿ ಈ ದಂಡೆ ಕೋಟೆ ಕೋಟೆಯಾಗಿ ಬರುತ್ತದೆ. ನಾಡಾಗಿ ಬರುವುದಿಲ್ಲ. ಇದು ಬೊಕಾರೊನ ತಪ್ಪಲ್ಲ, ಅವನ ಸರ್ಕಾರದ ನಿಜವಾದ ಆಕಾರವೇ ಅದು.

ನಾಡನ್ನು ಆಳುತ್ತಿದ್ದವರು ಬೇರೆ. ಪೋರ್ಚುಗೀಸ್ ಕಾಗದಗಳಲ್ಲಿ ‘ಬಂಘೆಲ್ ಅರಸ’ ಎಂದು ಬರುವ ಬಂಗರಸನನ್ನು ಮಂಗಳೂರಿನವನೆಂದೇ ತಿಳಿಯುತ್ತೇವೆ. ಆದರೆ ಬಂಗರ ಮೂಲ ನೆಲೆ ಬೆಳ್ತಂಗಡಿಯ ಬಂಗಾಡಿ, ನಡುವಿನ ನೆಲೆ ನೇತ್ರಾವತಿಯ ದಂಡೆಯ ನಂದಾವರ, ಅದು ಇಂದಿನ ಬಂಟ್ವಾಳ ತಾಲ್ಲೂಕು. ನದಿ ಇಳಿದಂತೆ ಅವರೂ ಇಳಿದು ಬಂದರು ಮುಟ್ಟಿದವರು. ಚೌಟರೂ ಹಾಗೆಯೇ. ಉಳ್ಳಾಲ ಅವರ ಕಡಲ ಬದಿಯ ಪಟ್ಟಣ, ಒಳನಾಡಿನ ಬೇರು ಪುತ್ತಿಗೆ, ಮೂಡುಬಿದಿರೆ. ವೇಣೂರಿನಲ್ಲಿ ಅಜಿಲರು, ವಿಟ್ಲದಲ್ಲಿ ಡೊಂಬ ಹೆಗ್ಗಡೆಗಳು, ಮೂಲ್ಕಿಯಲ್ಲಿ ಸಾವಂತರು. ಹೆಚ್ಚಿನವರು ಜೈನರು, ತಾಯಿಯ ಕಡೆಯಿಂದ ಹಕ್ಕು ಸಾಗುವ ಅಳಿಯಸಂತಾನದವರು, ಒಬ್ಬರಿಗೊಬ್ಬರು ನೆಂಟರು ಮತ್ತು ಎದುರಾಳಿಗಳು. ಉಳ್ಳಾಲದ ಅಬ್ಬಕ್ಕನ ಧೈರ್ಯವನ್ನು ನಾವು ಕತ್ತಿ, ಅಗ್ನಿಬಾಣಗಳಲ್ಲಿ ಅಳೆಯುತ್ತೇವೆ. ಅದನ್ನು ಸಣ್ಣದು ಮಾಡುವ ಉದ್ದೇಶ ನನಗಿಲ್ಲ. ಆದರೆ 1555ರಲ್ಲಿ ಅಲ್ವಾರೊ ದ ಸಿಲ್ವೆಯ್ರನ ನೌಕೆಗಳು ಉಳ್ಳಾಲದ ಮೇಲೆ ಬಂದದ್ದು ಕಪ್ಪ ಕೊಡಲಿಲ್ಲವೆಂದು. ಕಪ್ಪದ ಹಿಂದೆ ಇದ್ದದ್ದು ಅವರ ಚೀಟಿ ಇಲ್ಲದೆ ಕಲ್ಲಿಕೋಟೆಗೂ ಅರಬ್ಬೀ ಬಂದರುಗಳಿಗೂ ಸರಕು ಕಳಿಸುವ ಹಕ್ಕಿನ ಪ್ರಶ್ನೆ. 1570ರಲ್ಲಿ ಬಿಜಾಪುರ, ಅಹಮದ್‌ನಗರ, ಕಲ್ಲಿಕೋಟೆಗಳು ಒಟ್ಟಾಗಿ ಗೋವೆ, ಚೌಲ್, ಚಾಲಿಯಂಗಳ ಮೇಲೆ ಬಿದ್ದಾಗ ಕಲ್ಲಿಕೋಟೆಯ ಅರಸ ಸಾಮೂದಿರಿಯ ನೌಕಾನಾಯಕ ಕುಟ್ಟಿ ಪೋಕರ್ ಉಳ್ಳಾಲದ ಕೋರಿಕೆಯಂತೆ ಮಂಗಳೂರಿನ ಕೋಟೆಗೆ ಏಣಿ ಹಾಕಿದ. ಜೈನ ರಾಣಿ, ಹಿಂದೂ ಸಾಮೂದಿರಿ, ಮುಸ್ಲಿಂ ನಾವಿಕ ಒಂದೇ ಕಡೆ ಇದ್ದುದಕ್ಕೆ ಕಾರಣ ಹುಡುಕುವವರು ಅಕ್ಕಿ ಮತ್ತು ಮೆಣಸಿನ ದಾರಿಯನ್ನು ಹಿಡಿದು ಹೋದರೆ ಸಾಕು.

ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆಯ ಬರಹ ಈ ವಿಷಯದಲ್ಲಿ ಅಮೂಲ್ಯವಾದದ್ದು. 1623ರ ಕೊನೆಗೆ ಅವನು ಮಂಗಳೂರಿಗೆ ಬಂದು, ಉಳ್ಳಾಲದ ರಾಣಿಯನ್ನು ನೋಡಲು ಕರಾವಳಿಯಿಂದ ಒಳಗಿದ್ದ ಮಣೇಲಿಗೆ ಹೋದ. ಅವನು ಅವಳ ಹೆಸರನ್ನು ತನ್ನ ಭಾಷೆಯ ಅಕ್ಷರಗಳಲ್ಲಿ ‘ಅಬಗ ದೇವಿ ಚೌತ್ರು’ ಎಂದು ದಾಖಲಿಸಿದ್ದಾನೆ. ಅವಳು ಅವನಿಗೆ ಸಿಕ್ಕಿದ್ದು ಸಿಂಹಾಸನದ ಮೇಲಲ್ಲ. ಹೊಲಗಳ ಕಡೆ ತೋಡುತ್ತಿದ್ದ ಕಾಲುವೆಯ ಕೆಲಸ ನೋಡಲು ಬರಿಗಾಲಲ್ಲಿ, ಸಾದಾ ಹತ್ತಿಯ ಬಟ್ಟೆಯಲ್ಲಿ ಹೊರಟಿದ್ದಳು. ಅಡುಗೆಯವಳಂತೆ ಕಂಡಳೆಂದು ಪರದೇಶಿಗೆ ಅನ್ನಿಸಿತು. ಆದರೆ ಮಾತಿನಲ್ಲಿ ಅವಳ ಘನತೆಯನ್ನು ಅವನು ಗುರುತಿಸಿದ. ಉಳ್ಳಾಲದ ಅರಸೊತ್ತಿಗೆಯನ್ನು ಅರ್ಥಮಾಡಿಕೊಳ್ಳಲು ಇದಕ್ಕಿಂತ ಬೇರೆ ದೃಶ್ಯ ನಮಗೆ ಬೇಕಾಗಿಲ್ಲ. ಗದ್ದೆಗೆ ನೀರು ಹರಿದರೆ ಅಕ್ಕಿ, ಅಕ್ಕಿ ಇದ್ದರೆ ಸುಂಕ, ಸುಂಕ ಇದ್ದರೆ ಸೇನೆ. ಆ ರಾಣಿಗೆ ತನ್ನ ಬಲದ ಮೂಲ ಎಲ್ಲಿದೆಯೆಂದು ಗೊತ್ತಿತ್ತು. ನಮ್ಮ ಊರುಗಳಲ್ಲಿ ನಿಲ್ಲಿಸುವ ಪ್ರತಿಮೆಗಳಲ್ಲಿ ಅವಳ ಕೈಯಲ್ಲಿ ಕತ್ತಿ ಇರಲಿ, ಬೇಡವೆನ್ನುವುದಿಲ್ಲ. ಕಾಲುವೆಯ ಕೆಲಸ ನೋಡುತ್ತ ನಿಂತ ರಾಣಿಯೂ ನಮ್ಮ ಪಠ್ಯಪುಸ್ತಕದಲ್ಲಿ ಇರಬೇಕು.

ನನ್ನ ವಾದಕ್ಕೆ ಬರುವ ಮೊದಲ ಆಕ್ಷೇಪ ಬಲವಾದದ್ದು. ಅಕ್ಕಿ ಒಳನಾಡಿನದೇ ಇರಲಿ, ಕಡಲನ್ನು ಹಿಡಿದವನ ಅನುಮತಿ ಇಲ್ಲದೆ ಅದನ್ನು ಮಾರುವುದು ಹೇಗೆ? 1568ರಿಂದ ಎಂಟು ದಶಕಕ್ಕೂ ಹೆಚ್ಚು ಕಾಲ ಕೋಟೆ ಉಳಿಸಿಕೊಂಡವರನ್ನು ಬರೀ ಬಾಗಿಲುಕಾಯುವವರು ಎನ್ನುವುದು ಸರಿಯೇ? ಕಾರ್ತಾಸಿನ ಹಿಂಸೆ ನಿಜ, ಸುಟ್ಟ ಊರುಗಳು ನಿಜ, ಮುಳುಗಿದ ದೋಣಿಗಳಲ್ಲಿ ಸತ್ತವರ ಲೆಕ್ಕ ಯಾರೂ ಇಟ್ಟಿಲ್ಲ. ಆದರೆ ಆ ಹಿಡಿತ ಎಷ್ಟು ಆಳಕ್ಕೆ ಹೋಯಿತು ಎಂದು ಅಳೆಯಲು ಬಸರೂರು ಒಳ್ಳೆಯ ಮಾನದಂಡ. ಇತಿಹಾಸಕಾರ ಸಂಜಯ್ ಸುಬ್ರಹ್ಮಣ್ಯಂ ಬಸರೂರು ಮತ್ತು ಅಕ್ಕಿ ವ್ಯಾಪಾರದ ಮೇಲೆ ಬರೆದ ಅಧ್ಯಯನದಿಂದ ಸ್ಪಷ್ಟವಾಗುವಂತೆ, ಅಲ್ಲಿ ಎರಡು ಬಸರೂರುಗಳಿದ್ದವು. ಕೆಳಗಿನದರಲ್ಲಿ ಪೋರ್ಚುಗೀಸರ ಕೋಟೆ, ನದಿಯ ಮೇಲ್ಗಡೆಯದರಲ್ಲಿ ವರ್ತಕರ ಪೇಟೆ. ಮೇಲಿನ ಊರಿನ ಕಾರಭಾರ ಅಲ್ಲಿಯ ವರ್ತಕರದೇ. ಅಕ್ಕಿಗೆ ಬೆಲೆ ಕಟ್ಟುವವರೂ ಸಾಲ ಕೊಡುವವರೂ ಅವರೇ. ಕೋಟೆಯವರು ಅವರಿಂದ ಕೊಂಡುಕೊಂಡು ಗೋವೆಗೆ ಸಾಗಿಸಬೇಕಿತ್ತು. ಗೋವೆಯಿಂದ ಕೆನರಾಕ್ಕೆ ಯುದ್ಧನೌಕೆಗಳ ಕಾವಲಿನಲ್ಲಿ ದೋಣಿಗಳ ಸಾಲು ಪ್ರತಿ ವರ್ಷ ಬರಬೇಕಾಗಿತ್ತು. ‘ಕಾಫಿಲ’ ಎಂದು ಕರೆಯುತ್ತಿದ್ದ ಈ ಸಾಲು ಬರುವುದು ತಡವಾದರೆ ಗೋವೆಯಲ್ಲಿ ಅಕ್ಕಿಯ ಬೆಲೆ ಏರುತ್ತಿತ್ತು. ಹೊಟ್ಟೆಗಾಗಿ ಪ್ರತಿ ವರ್ಷ ಬೇರೊಬ್ಬರ ಕಣಜದ ಮುಂದೆ ಬಂದು ನಿಲ್ಲಬೇಕಾದ ಸರ್ಕಾರವನ್ನು ಆ ನಾಡಿನ ಒಡೆಯ ಎನ್ನುವುದು ಕಷ್ಟ.

ಎರಡನೆಯ ಆಕ್ಷೇಪ ನಮ್ಮವರ ಒಡಕಿನದು. ಬಂಗರಸ ಪೋರ್ಚುಗೀಸರ ಆಶ್ರಯ ಬೇಡಲಿಲ್ಲವೇ, ಒಳನಾಡು ಒಂದಾಗಿ ನಿಂತಿತ್ತೇ? ಇಲ್ಲ, ನಿಂತಿರಲಿಲ್ಲ. ಉಳ್ಳಾಲದ ರಾಣಿಗೂ ಬಂಗರಸನಿಗೂ ಮದುವೆಯಾಗಿ, ಮುರಿದು, ಜಗಳ ಯುದ್ಧಕ್ಕೆ ಹೋದ ಸಂಗತಿಯನ್ನು ದೆಲ್ಲಾ ವಲ್ಲೆ ವಿವರವಾಗಿ ಬರೆದಿದ್ದಾನೆ. ರಾಣಿ ಘಟ್ಟದ ಮೇಲಿನ ಇಕ್ಕೇರಿಯ ಅರಸ ವೆಂಕಟಪ್ಪ ನಾಯಕನ ನೆರವು ಪಡೆದಳು, ಬಂಗರಸ ಪೋರ್ಚುಗೀಸರ ಕಡೆ ಹೋದ. ಅದನ್ನು ಮುಚ್ಚಿಡುವುದು ಬೇಡ. ಆದರೆ ಅದನ್ನು ದೇಶದ್ರೋಹ, ದೇಶಪ್ರೇಮ ಎಂಬ ಇಂದಿನ ಮಾತಿನಲ್ಲಿ ಅಳೆಯುವುದೂ ಬೇಡ. ಚೌಟರು ಅಳಿವೆಯ ದಕ್ಷಿಣದಲ್ಲಿ, ಬಂಗರು ಉತ್ತರದಲ್ಲಿ. ಎರಡು ನದಿಗಳು ಕೂಡುವ ಒಂದೇ ಬಾಯಿಯ ಮೇಲೆ ಇಬ್ಬರ ಕಣ್ಣು. ಅಳಿಯಸಂತಾನದ ಕಟ್ಟಿನಲ್ಲಿ ಹೆಂಡತಿಯ ರಾಜ್ಯ ಗಂಡನಿಗೆ ಸೇರುವುದಿಲ್ಲ, ಆದ್ದರಿಂದ ಮದುವೆಯಿಂದ ಆ ಪೈಪೋಟಿ ಕರಗುವ ದಾರಿಯೂ ಇರಲಿಲ್ಲ. ಪೋರ್ಚುಗೀಸರು ಈ ಪೈಪೋಟಿಯನ್ನು ಹುಟ್ಟಿಸಲಿಲ್ಲ, ಅದರೊಳಗೆ ಒಂದು ಕಡೆಯವರಾಗಿ ಸೇರಿಕೊಂಡರು. ಕರಾವಳಿಯ ರಾಜಕೀಯದ ಸೂತ್ರ ಒಳನಾಡಿನ ಮನೆತನಗಳ ಕೈಯಲ್ಲೇ ಇತ್ತು ಎಂಬುದಕ್ಕೆ ಈ ಒಡಕೂ ಒಂದು ಪುರಾವೆ.

ಇನ್ನೊಂದು ಪುರಾವೆ ಕಲ್ಲಿನಲ್ಲಿದೆ. ಮಂಗಳೂರಿನ ಅಳಿವೆಯಲ್ಲಿ ಪೋರ್ಚುಗೀಸರ ಬಾವುಟ ಹಾರುತ್ತಿದ್ದ ಕಾಲದಲ್ಲೇ, 1586ರಲ್ಲಿ ಇಮ್ಮಡಿ ಭೈರರಸ ಕಾರ್ಕಳದ ಚತುರ್ಮುಖ ಬಸದಿಯನ್ನು ಕಟ್ಟಿಸಿದ. 1604ರಲ್ಲಿ ತಿಮ್ಮಣ್ಣ ಅಜಿಲ ವೇಣೂರಿನಲ್ಲಿ 35 ಅಡಿ ಎತ್ತರದ ಗೊಮ್ಮಟನನ್ನು ನಿಲ್ಲಿಸಿದ. ರತ್ನಾಕರವರ್ಣಿ ಮೂಡುಬಿದಿರೆಯಲ್ಲಿ ಭರತೇಶ ವೈಭವವನ್ನು ಬರೆದದ್ದೂ 16ನೇ ಶತಮಾನದ ನಡುಭಾಗದಲ್ಲಿ. ಭರತ ಚಕ್ರವರ್ತಿಯ ಭೋಗವೈಭವವನ್ನು ಅಷ್ಟು ಹಿಗ್ಗಿನಿಂದ ಹಾಡಿದ ಕಾವ್ಯ ಬಡವಾಗುತ್ತಿದ್ದ ನಾಡಿನಿಂದ ಬಂದಂತೆ ತೋರುವುದಿಲ್ಲ. ವಶವಾದ ನಾಡು ಇಷ್ಟು ದೊಡ್ಡ ಕಲ್ಲುಗಳನ್ನು ಎತ್ತುವುದಿಲ್ಲ. ಲೂಟಿಯೂ ಸುಂಕವೂ ಕಳೆದು ಉಳಿದ ಹಣ ಇನ್ನೂ ವೇಣೂರಿಗೂ ಕಾರ್ಕಳಕ್ಕೂ ಸಾಕಾಗುವಷ್ಟಿತ್ತು. ದೇವಾಲಯ ಕಟ್ಟುವುದು ಅರಸರ ಪ್ರತಿಷ್ಠೆಯ ಲಕ್ಷಣವೇ ಹೊರತು ಪ್ರಜೆಗಳ ಸುಖದ ಲಕ್ಷಣವಲ್ಲ ಎಂಬ ಎದುರುಮಾತನ್ನು ನಾನು ಒಪ್ಪುತ್ತೇನೆ. ಗೇಣಿ ಅಳೆದು ಕೊಟ್ಟ ಒಕ್ಕಲುಗಳ, ಮೂಲದ ಆಳುಗಳ ಪಾಲಿಗೆ ಈ ಅಕ್ಕಿಯ ವೈಭವದಲ್ಲಿ ಉಳಿದದ್ದೇನು ಎಂಬ ಪ್ರಶ್ನೆ ಹಾಗೇ ಇದೆ. ಆದರೆ ಹೆಚ್ಚುವರಿ ಎಲ್ಲಿ ಸೇರಿತು, ಗೋವೆಗೋ ಒಳನಾಡಿಗೋ ಎಂಬ ಪ್ರಶ್ನೆಗೆ ಗೊಮ್ಮಟ ಉತ್ತರ ಕೊಡುತ್ತಾನೆ.

ಮೆಣಸಿನ ಕಥೆಯೂ ಇದೇ ದಿಕ್ಕಿಗೆ ಹೋಗುತ್ತದೆ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಎಂದು ಕರೆದರು. 17ನೇ ಶತಮಾನದ ಆರಂಭದ ದಶಕಗಳಲ್ಲಿ ಲಿಸ್ಬನ್ನಿಗೆ ಹೋದ ಮೆಣಸಿನಲ್ಲಿ ಕೆನರಾದ ಪಾಲು ಬಹಳ ದೊಡ್ಡದಾಗಿತ್ತು. ಆ ಹೊತ್ತಿಗೆ ಆ ಮೆಣಸೆಲ್ಲ ಇಕ್ಕೇರಿಯ ನಾಯಕರ ಹತೋಟಿಗೆ ಬಂದಿತ್ತು. ಅದಕ್ಕೇ 1623ರಲ್ಲಿ ಗೋವೆಯ ಸರ್ಕಾರ ಜುವಾಂವ್ ಫೆರ್ನಾಂದಿಸ್ ಲೆಯ್ತಾವ್ ಎಂಬ ರಾಯಭಾರಿಯನ್ನು ವೆಂಕಟಪ್ಪ ನಾಯಕನ ಬಳಿ ಕಳಿಸಿತು. ದೆಲ್ಲಾ ವಲ್ಲೆ ಕರ್ನಾಟಕ ನೋಡಿದ್ದು ಆ ತಂಡದ ಜೊತೆ ಬಂದು. ಮಾತುಕತೆಯ ವಿಷಯ ಎರಡು: ಮೆಣಸಿನ ಹಣ, ಮತ್ತು ಬಂಗರಸನಿಗೆ ಅವನ ರಾಜ್ಯ ಮರಳಿ ಕೊಡಿಸುವುದು. ಕಡಲಿನ ಒಡೆಯರ ರಾಯಭಾರಿ ಘಟ್ಟ ಹತ್ತಿ ಇಕ್ಕೇರಿಗೆ ಹೋದನೇ ಹೊರತು ವೆಂಕಟಪ್ಪ ಕೆಳಗಿಳಿದು ಗೋವೆಗೆ ಹೋಗಲಿಲ್ಲ. ಬಂಗರಸನಿಗೆ ಆ ರಾಯಭಾರದಿಂದ ರಾಜ್ಯ ದಕ್ಕಲೂ ಇಲ್ಲ.

ಮುಂದಿನದು ಬೇಗ ಹೇಳಬಹುದಾದ ಕಥೆ. 1636ರಿಂದ 1644ರವರೆಗೆ ಡಚ್ಚರು ಕಡಲು ತೆರೆದಾಗಲೆಲ್ಲ ಗೋವೆಯ ಬಂದರಿಗೆ ಅಡ್ಡ ನಿಂತರು. 1650ರಲ್ಲಿ ಮಸ್ಕತ್ ಪೋರ್ಚುಗೀಸರ ಕೈತಪ್ಪಿತು. 1652ರಿಂದ 1654ರೊಳಗೆ ಇಕ್ಕೇರಿಯ ಅದೇ ಮನೆತನದ ಶಿವಪ್ಪ ನಾಯಕ ಬಸರೂರು, ಹೊನ್ನಾವರ, ಮಂಗಳೂರು ಮೂರನ್ನೂ ತೆಗೆದುಕೊಂಡ. ಅವನು ಬಂದದ್ದು ಭೂಮಾರ್ಗದಲ್ಲಿ. ಸುತ್ತಲಿನ ನಾಡು ಅವನದಾಗಿದ್ದಾಗ ಕೋಟೆಗೆ ಅಕ್ಕಿ, ನೀರು, ಸುದ್ದಿ ಯಾವುದೂ ಒಳಗೆ ಹೋಗುವಂತಿರಲಿಲ್ಲ. ಡಚ್ಚರ ಪೆಟ್ಟಿಲ್ಲದಿದ್ದರೆ ಇದು ಇಷ್ಟು ಸುಲಭವಾಗುತ್ತಿತ್ತೇ ಎಂದು ಕೇಳಬಹುದು. ಬಹುಶಃ ಆಗುತ್ತಿರಲಿಲ್ಲ. ಆದರೆ ಡಚ್ಚರು ಹೋದ ಮೇಲೂ ಪೋರ್ಚುಗೀಸರಿಗೆ ಮಂಗಳೂರು ಮರಳಿ ಸಿಗಲಿಲ್ಲ ಎಂಬುದನ್ನು ನೆನಪಿಡಬೇಕು. 1671ರಲ್ಲೂ 1678ರಲ್ಲೂ ಕೆಳದಿಯೊಡನೆ, ಅಂದರೆ ಇಕ್ಕೇರಿಯ ಈ ನಾಯಕರೊಡನೆ, ಅವರು ಒಪ್ಪಂದ ಮಾಡಿಕೊಂಡು ಮಂಗಳೂರಿನಲ್ಲಿ ವ್ಯಾಪಾರದ ಕೋಠಿಗೂ ಕೆಲವೆಡೆ ಇಗರ್ಜಿಗಳಿಗೂ ಅನುಮತಿ ಪಡೆದರು. ಗೋವೆಗೆ ಅಕ್ಕಿ ಬೇಕೇ ಬೇಕಿತ್ತು. ಧಣಿಗಳಾಗಿ ಬಂದವರು ಗಿರಾಕಿಗಳಾಗಿ ಉಳಿದರು. ಗೋವಾ ವಿಶ್ವವಿದ್ಯಾಲಯದಲ್ಲಿದ್ದ ಇತಿಹಾಸಕಾರ ಬಿ.ಎಸ್. ಶಾಸ್ತ್ರಿಯವರು ಗೋವೆ ಮತ್ತು ಕೆನರಾದ ಪೋರ್ಚುಗೀಸ್ ಸಂಬಂಧದ ಚರಿತ್ರೆಯನ್ನು 1498ರಿಂದ 1763ರವರೆಗೆ ಎಳೆದು ಬರೆದಿದ್ದಾರೆ, 1654ಕ್ಕೆ ನಿಲ್ಲಿಸಿಲ್ಲ. ಆ ಕೊನೆಯ ನೂರು ವರ್ಷಗಳನ್ನು ಕನ್ನಡದಲ್ಲಿ ಹೆಚ್ಚು ಜನ ಓದಬೇಕಿದೆ.

ಆ ನೂರು ವರ್ಷಗಳಲ್ಲೂ ಗೋವೆಯ ಜನ ದೊಡ್ಡ ಪ್ರಮಾಣದಲ್ಲಿ ಈ ಕಡೆ ಬಂದರು. ಗೋವೆಯಲ್ಲಿ 1560ರಲ್ಲಿ ಇನ್‌ಕ್ವಿಜಿಶನ್ ಶುರುವಾಯಿತು, 1812ರವರೆಗೆ ನಡೆಯಿತು. ಗೌಡ ಸಾರಸ್ವತರು ದೇವರನ್ನು ಹೊತ್ತುಕೊಂಡು ದಕ್ಷಿಣಕ್ಕೆ ಬಂದರು. ಬಂಟ್ವಾಳದಲ್ಲೂ ಮೂಡುಬಿದಿರೆಯಲ್ಲೂ ವೆಂಕಟರಮಣ ದೇವಸ್ಥಾನಗಳ ಸುತ್ತ ಅವರ ಪೇಟೆಗಳು ಬೆಳೆದವು. ಕೊಂಕಣಿ ಕ್ರೈಸ್ತರೂ ಬಂದರು. ಕೆಲವರಿಗೆ ಇನ್‌ಕ್ವಿಜಿಶನ್ನಿನ ಭಯ, ಕೆಲವರಿಗೆ ಬರಗಾಲ, 17ನೇ ಶತಮಾನದ ಕೊನೆಯಲ್ಲಿ ಮರಾಠರ ದಾಳಿ, ಇನ್ನು ಕೆಲವರಿಗೆ ಕೆಳದಿಯ ಅರಸರು ಕೊಟ್ಟ ಸಾಗುವಳಿ ಭೂಮಿಯ ಆಸೆ. ನೇತ್ರಾವತಿಯ ದಂಡೆಯ ಫರಂಗಿಪೇಟೆ ಅಂಥ ನೆಲೆ. 1801ರಲ್ಲಿ ಮಂಗಳೂರಿನಿಂದ ಬಂಟ್ವಾಳ, ಬೆಳ್ತಂಗಡಿ, ವೇಣೂರು ದಾರಿಯಾಗಿ ಹೋದ ಫ್ರಾನ್ಸಿಸ್ ಬುಕನನ್, ಅದು ಇಕ್ಕೇರಿಯ ಅರಸರು ಕರೆಸಿಕೊಂಡ ಕೊಂಕಣದ ಕ್ರೈಸ್ತರ ದೊಡ್ಡ ಊರಾಗಿತ್ತು, ಟಿಪ್ಪುವಿನ ಕಾಲದಲ್ಲಿ ಹಾಳಾಯಿತು ಎಂದು ಬರೆದ. ಪೋರ್ಚುಗೀಸ್ ಆಡಳಿತದ ನೆಲದಿಂದ ಪೋರ್ಚುಗೀಸರ ಧರ್ಮದವರೇ ಹೊರಟು ಬಂದು ವೀರಶೈವ ಅರಸರ ಆಶ್ರಯದಲ್ಲಿ ಗದ್ದೆ ಮಾಡಿದ್ದು ಆ ಎರಡು ಆಡಳಿತಗಳ ಬಗ್ಗೆ ಸಾಕಷ್ಟನ್ನು ಹೇಳುತ್ತದೆ. ಈ ಕ್ರೈಸ್ತರನ್ನು ‘ಪರಂಗಿಯವರು ಬಿಟ್ಟುಹೋದವರು’ ಎಂದು ಅಂದುಕೊಂಡಿರುವವರು ಇಂದಿಗೂ ಇದ್ದಾರೆ. ಅದು ತಪ್ಪು, ನೋಯಿಸುವ ತಪ್ಪು. ಕೋಟೆಯ ನೆರಳಿನಿಂದ ದೂರಬಂದು ಬಂಟ್ವಾಳ, ಬೆಳ್ತಂಗಡಿಯ ಗುಡ್ಡ ಕಡಿದು ಗದ್ದೆ ಮಾಡಿದ ಒಕ್ಕಲುಗಳ ಮೊಮ್ಮಕ್ಕಳು ಅವರು.

ಉಳಿದ ಆಕ್ಷೇಪ ನಮ್ಮ ಅಂಗಳದಲ್ಲೇ ಬೆಳೆದು ನಿಂತಿದೆ. ಗೇರುಮರ, ಅನಾನಸು, ಪಪ್ಪಾಯಿ, ಪೇರಳೆ, ಮೆಣಸಿನಕಾಯಿ, ಹೊಗೆಸೊಪ್ಪು ಎಲ್ಲ ಅಮೆರಿಕ ಖಂಡದಿಂದ ಪೋರ್ಚುಗೀಸರ ಹಡಗಿನ ದಾರಿಯಲ್ಲಿ ಬಂದವು. ಇಂದು ಮೂಡುಬಿದಿರೆ, ಕಾರ್ಕಳ ಕಡೆಯ ಗೇರುಬೀಜದ ಕಾರ್ಖಾನೆಗಳಲ್ಲಿ ದುಡಿಯುವ ಹೆಂಗಸರ ಸಂಬಳ ಆ ಮರದಿಂದ ಬಂದದ್ದು. ಹಾಗಾದರೆ ಒಳನಾಡಿನ ಅರ್ಥವ್ಯವಸ್ಥೆಯನ್ನು ಪೋರ್ಚುಗೀಸರು ಕೋಟೆಗಿಂತ ಆಳವಾಗಿ ಬದಲಿಸಲಿಲ್ಲವೇ? ಬದಲಾವಣೆ ಆದದ್ದು ನಿಜ, ದೊಡ್ಡದೂ ಹೌದು. ಕೆಂಪು ಮೆಣಸಿಲ್ಲದ ಕೋರಿ ರೊಟ್ಟಿಯ ಸಾರನ್ನು ಇಂದು ಯಾರೂ ಊಹಿಸಲಾರರು. ಆದರೆ ಆ ಬೀಜಗಳನ್ನು ಪುತ್ತಿಗೆಯ ಗುಡ್ಡಕ್ಕೂ ವೇಣೂರಿನ ಹಿತ್ತಿಲಿಗೂ ಒಯ್ದದ್ದು ಯಾವ ಕಪ್ತಾನನ ಆಜ್ಞೆಯೂ ಅಲ್ಲ. ಬೇರೇನೂ ಬೆಳೆಯದ ಮುರಕಲ್ಲಿನ ಗುಡ್ಡದಲ್ಲಿ ನೀರಿಲ್ಲದೆ ಬದುಕುವ ಮರವನ್ನು ರೈತರು ತಾವಾಗಿ ಆರಿಸಿಕೊಂಡರು. ಗೇರುಬೀಜ ರಫ್ತಿನ ಸರಕಾದದ್ದು 20ನೇ ಶತಮಾನದಲ್ಲಿ, ಮಂಗಳೂರಿನಲ್ಲಿ ಕಾರ್ಖಾನೆಗಳು ಬಂದ ಮೇಲೆ. ಮಂಗಳೂರಿನ ಕೋಟೆ ಬಿದ್ದು ಆಗ ಎರಡೂವರೆ ಶತಮಾನ ಕಳೆದಿತ್ತು.

ಇದಿಷ್ಟನ್ನು ಬರೆಯುವಾಗ ಒಂದು ಕೊರತೆ ಮತ್ತೆ ಮತ್ತೆ ಎದುರಾಗುತ್ತದೆ. 16ನೇ ಶತಮಾನದ ಈ ಕರಾವಳಿಯ ಬಗ್ಗೆ ನಾವು ಉಲ್ಲೇಖಿಸುವ ಮಾತುಗಳಲ್ಲಿ ಹೆಚ್ಚಿನವು ಕೋಟೆಯ ಒಳಗೆ ಕೂತು ಬರೆದವು. ಬರೆದವರಿಗೆ ಬೈಲು ಕಾಣದ್ದರಿಂದ ನಮಗೂ ಕಾಣದಾಗಿದೆ. ಗಣಪತಿರಾವ್ ಐಗಳು 1923ರಲ್ಲಿ ದಕ್ಷಿಣ ಕನ್ನಡದ ಪ್ರಾಚೀನ ಇತಿಹಾಸ ಬರೆದಾಗ ಅರಸುಮನೆತನಗಳ ಐತಿಹ್ಯಗಳನ್ನು ಕೂಡಿಸಿಟ್ಟು ದೊಡ್ಡ ಉಪಕಾರ ಮಾಡಿದರು. ಗುರುರಾಜ ಭಟ್ಟರು, ಕೆ.ವಿ. ರಮೇಶರು ಶಾಸನಗಳನ್ನು ಓದಿದರು. ಬಂಟ್ವಾಳದ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರ ಅಳತೆಯ ಸೇರು, ಕಳಸೆಗಳಿಂದ ಹಿಡಿದು ಬೇಸಾಯದ ಸಾಮಾನುಗಳವರೆಗೆ ತುಳುವರ ಬದುಕಿನ ವಸ್ತುಗಳನ್ನು ಕಾದಿಟ್ಟಿದೆ. ಇನ್ನು ಬೇಕಾದದ್ದು ಎರಡು ಕಡೆಯ ಕಾಗದಗಳನ್ನು ಅಕ್ಕಪಕ್ಕ ಇಟ್ಟು ಓದುವ ಕೆಲಸ. ಪಣಜಿಯ ಗೋವಾ ಪತ್ರಾಗಾರದಲ್ಲಿ ಪ್ರತಿವರ್ಷ ಲಿಸ್ಬನ್ನಿಗೂ ಗೋವೆಗೂ ನಡೆದ ಪತ್ರವ್ಯವಹಾರದ ಕಟ್ಟುಗಳಿವೆ, ಅವುಗಳಲ್ಲಿ ಕೆನರಾದ ಅಕ್ಕಿಯ ಮಾತು ಬರುತ್ತಲೇ ಇರುತ್ತದೆ. ಮೂಡುಬಿದಿರೆಯ ಬಸದಿಗಳ ಶಾಸನಗಳಲ್ಲಿ ಗದ್ದೆಗಳ ದಾನವೂ ಅವುಗಳಿಂದ ಬರಬೇಕಾದ ಅಕ್ಕಿಯ ಮುಡಿಗಳ ಎಣಿಕೆಯೂ ಇದೆ. ಮೊದಲನೆಯದಕ್ಕೆ ಪೋರ್ಚುಗೀಸ್ ಬೇಕು, ಎರಡನೆಯದಕ್ಕೆ ಹಳೆಯ ಕನ್ನಡ ಬೇಕು. ಎರಡೂ ಬಲ್ಲವರು ನಮ್ಮಲ್ಲಿ ಬೆರಳೆಣಿಕೆಯಷ್ಟು. ಮೂಡುಬಿದಿರೆ ಇವತ್ತು ಕಾಲೇಜುಗಳ ಊರು. ಸಾವಿರಾರು ಮಕ್ಕಳು ಓದುವ ಈ ಊರಿನಲ್ಲಿ ಪೋರ್ಚುಗೀಸ್ ಕಲಿತು ಚೌಟರ ಅರಮನೆಯ ಸುತ್ತಲಿನ ಗದ್ದೆಗಳ ಲೆಕ್ಕವನ್ನು ಗೋವೆಯ ಕಡತದಲ್ಲಿ ಹುಡುಕಬಲ್ಲ ಇಬ್ಬರು ಮೂವರು ಸಂಶೋಧಕರಿಗೆ ವೇತನ ಕೊಡುವುದು ಅಸಾಧ್ಯದ ಖರ್ಚಲ್ಲ. ಹಾಗೆ ಓದಿದಾಗ ನಾನು ಇಲ್ಲಿ ಮಂಡಿಸಿದ್ದು ತಪ್ಪೆಂದು ತೋರಿದರೂ ಆಗಲಿ. ಗೋವೆಯ ಒಂದು ವರ್ಷದ ಅಕ್ಕಿಯ ಬೆಲೆಯೂ ಅದೇ ವರ್ಷ ಮೂಡುಬಿದಿರೆಯ ಗದ್ದೆಯೊಂದರ ಗೇಣಿಯೂ ಒಂದೇ ಹಾಳೆಯಲ್ಲಿ ಸಿಗುವಂತಾಗಬೇಕು.